ಹಿಮಗಾಲದಲ್ಲಿ ಮಾತಿ ಹೇಳಿದ ಪಾಪಗಳು

ಹಿಮ ಬಿದ್ದ ದಿನ ಚಹಾ ತೋಟವನ್ನು ಬೆಳಿಗ್ಗೆ ಹೋಗಿ ನೋಡಬೇಡಿ, ಮೋಸ ಹೋಗುತ್ತೀರಿ. ಆಗ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಎಲೆಯ ಮೇಲೆ ಉಪ್ಪು ಚೆಲ್ಲಿದ ಹಾಗೆ ಒಂದಿಷ್ಟು ಬಿಳಿ, ಅಷ್ಟೆ. ಬಿಸಿಲೇರಿ ಆ ಬಿಳಿ ಕರಗಿದ ಮೇಲೆ ಚಿಗುರು ಕಂದತೊಡಗುತ್ತದೆ. ಮಧ್ಯಾಹ್ನದ ಹೊತ್ತಿಗೆ, ಬಾಣಲೆಯಲ್ಲಿ ಸೊಪ್ಪು ಸೀದಂಥ ವಾಸನೆ ಇಡೀ ಇಳಿಜಾರಿನಿಂದ ಏಳುತ್ತದೆ. ತೋಟ ಗುತ್ತಿಗೆಗೆ ಹಿಡಿಯುವವರಿಗೆಲ್ಲ ನಾನು ಹೇಳುವ ಮಾತು ಒಂದೇ: ವ್ಯಾಪಾರ ಮಧ್ಯಾಹ್ನದ ಮೇಲೆ ಮಾತಾಡಿ.

ಈ ಜನವರಿಯಲ್ಲಿ ಊಟಿ ಆಚೆಯ ಕುಂದಾ ಕಡೆಯ ಒಂದು ತೋಟ ನೋಡಲು ಹೊರಟಿದ್ದೆ. ತಿರುವಿನಲ್ಲಿ ಆ ಸೀದ ವಾಸನೆ ಪಿಕಪ್ಪಿನ ಕಿಟಕಿಯಿಂದ ಒಳಗೆ ಬಂತು. ತೋಟದವನು ಮೇಲೆ ನಿಂತು ಕೈ ಬೀಸುತ್ತಿದ್ದ. ನಾನು ಗಾಡಿ ನಿಲ್ಲಿಸಿದವಳು ಇಳಿಯಲಿಲ್ಲ. ಕೆಲವು ವರ್ಷಗಳ ಹಿಂದಿನ ಒಂದು ಹಿಮಗಾಲ ಬಂದು ಪಕ್ಕದ ಸೀಟಿನಲ್ಲಿ ಕೂತ ಹಾಗಾಗಿತ್ತು.

ನಾನು ಎಲೆ ಏಜೆಂಟ್. ಹಟ್ಟಿ ಅಂದರೆ ನಮ್ಮ ಕಡೆ ಬಡಗರ ಊರು. ಅಂಥ ಹಟ್ಟಿಗಳಿಗೆ ದಿನಾ ಹೋಗಿ, ಸಣ್ಣ ಬೆಳೆಗಾರರ ಎಲೆ ತೂಗಿ, ತುಂಬಿಕೊಂಡು ಫ್ಯಾಕ್ಟರಿಗೆ ಹಾಕುತ್ತೇನೆ. ಗಂಡ ಬಿಟ್ಟುಹೋದಾಗ ನನ್ನ ಹತ್ತಿರ ಉಳಿದದ್ದು ಒಂದು ತಕ್ಕಡಿ ಮತ್ತು ಬಾಯಿ. ಎರಡನ್ನೂ ತುಕ್ಕು ಹಿಡಿಯಲು ಬಿಡಲಿಲ್ಲ. ಈಗ ಗಾಡಿ ನನ್ನದು, ಮಂಜೂರಿನ ಮಹಡಿ ಮನೆ ನನ್ನದು, ಸುತ್ತಲಿನ ಹಟ್ಟಿಗಳಿಗೆಲ್ಲ ನಾನು ‘ಏಜೆಂಟಕ್ಕ’. ನಾನು ಬಡಗರವಳಲ್ಲ, ನಮ್ಮದು ಲಿಂಗಾಯತರ ಮನೆ. ಚಿಕ್ಕಂದಿನಲ್ಲಿ ಗುಂಡ್ಲುಪೇಟೆಯ ಸೋದರತ್ತೆಯ ಮನೆಯಲ್ಲಿದ್ದು ಕನ್ನಡ ಶಾಲೆಗೆ ಹೋದೆ, ಅದರಿಂದ ಇದನ್ನು ಬರೆಯಲು ಬಂತು. ಹಟ್ಟಿಯವರ ಮಾತನ್ನು ನಿಮಗೆ ತಿಳಿಯುವ ಮಟ್ಟಿಗೆ ಸರಿಮಾಡಿಕೊಂಡಿದ್ದೇನೆ. ಅವರು ‘ನಂಗ’ ಅಂದರೆ ನಾವು, ‘ಕೂಸು’ ಅಂದರೆ ಹುಡುಗಿ ಅಂತ ತಿಳಿಯಿರಿ. ಹೆಸರುಗಳನ್ನೂ ಬದಲಾಯಿಸಿದ್ದೇನೆ.

ಆ ವರ್ಷ ಹಿಮ ಬೇಗ ಬಂತು. ಡಿಸೆಂಬರಿನಲ್ಲೇ ತಗ್ಗಿನ ತೋಟಗಳೆಲ್ಲ ಕಂದಿದವು. ಎಲೆ ಇಲ್ಲದೆ ಹೆಂಗಸರು ಮನೆ ಮುಂದೆ ಬಿಸಿಲು ಕಾಯುತ್ತ ಕೂತಿದ್ದರು. ಅಂಥ ಹೊತ್ತಿನಲ್ಲೇ ಮೈಸೂರು ಕಡೆಯ ಒಬ್ಬ ಹುಡುಗಿ ನನ್ನ ಮಹಡಿಯ ಕೋಣೆ ಕೇಳಿಕೊಂಡು ಬಂದಳು. ಹೆಸರು ಶಾಲಿನಿ. ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡುತ್ತಿದ್ದಳು.

“ಬಿಸಿನೀರು ಇರುತ್ತಾ?” ಅಂದಳು.

“ಬೆಳಿಗ್ಗೆ ಒಂದು ಬಕೆಟ್.”

“ಸಂಜೆ?”

“ಸಂಜೆ ಎಲ್ಲಿಗೆ ಹೊರಟಿದ್ದೀಯ, ಮದುವೆಗಾ?”

ನಕ್ಕಳು. ಅಲ್ಲೇ ವ್ಯಾಪಾರ ಕುದುರಿತು. ಬಾಡಿಗೆಯ ಮಾತು ಮುಗಿದ ಮೇಲೆ ಬಂದ ಕೆಲಸ ಏನೆಂದು ಕೇಳಿದೆ. ಮನೆಯಲ್ಲಿ ಯಾರಾದರೂ ತಮ್ಮ ಜೀವ ತಾವೇ ಕಳೆದುಕೊಂಡರೆ ಉಳಿದವರ ಮನಸ್ಸು ಏನಾಗುತ್ತದೆ ಅನ್ನುವುದನ್ನು ತಿಳಿಯಬೇಕು ಅಂದಳು.

“ಏನಾಗುತ್ತದೆ ಅಂತ ನಿನಗೆ ಗೊತ್ತಿಲ್ಲವಾ?”

“ಗೊತ್ತಿರೋದು ಬೇರೆ, ತೋರಿಸೋದು ಬೇರೆ ಅಕ್ಕ. ತೋರಿಸಿದರೆ ತಾನೇ ಈ ಬೆಟ್ಟಕ್ಕೆ ಒಬ್ಬ ಕೌನ್ಸೆಲರ್ ಆದರೂ ಬರೋದು.”

ಕೆಟ್ಟ ಹುಡುಗಿಯಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಯಾರ ಮನೆಗೆ ಹೋದರೂ ಮೊದಲು ತನ್ನ ಷರತ್ತುಗಳನ್ನು ಹೇಳುತ್ತಿದ್ದಳು: ಬೇಡವೆನಿಸಿದರೆ ನಡುವೆಯೇ ನಿಲ್ಲಿಸಬಹುದು, ಹೆಸರು ಎಲ್ಲೂ ಬರುವುದಿಲ್ಲ, ಊರಿನ ಹೆಸರೂ ಬರುವುದಿಲ್ಲ, ರೆಕಾರ್ಡರನ್ನು ಬೇರೆಯವರ ಕೈಗೆ ಕೊಡುವುದಿಲ್ಲ. ತನ್ನ ಕೈ ತಾನೇ ಕಟ್ಟಿಕೊಂಡು ವ್ಯಾಪಾರಕ್ಕೆ ಇಳಿಯುವವರನ್ನು ನಾನು ಅದೇ ಮೊದಲು ನೋಡಿದ್ದು. ಬಡಗ ಮಾತು ಕನ್ನಡಕ್ಕೆ ಹತ್ತಿರ, ದುಬಾಷಿ ಬೇಡ ಅಂದುಕೊಂಡಿದ್ದಳು. ಮಾತೇನೋ ಅವಳಿಗೆ ಸರಿಯಾಗಿಯೇ ತಿಳಿಯುತ್ತಿತ್ತು.

ನಾನು ಒಂದು ಮನೆ ಮಾತ್ರ ಬೇಡ ಅಂದಿದ್ದೆ. ಅದು ಮಾತಿಯ ಮನೆ.

ಮಾತಿ ಅಣೆಕಟ್ಟಿನ ಕೆಳಗಿನ ಹಟ್ಟಿಯವಳು. ಗಂಡ ಜೋಗಿ ಪವರ್‌ಹೌಸಿನಲ್ಲಿ ಕೆಲಸದವನು. ಅವರಿಗೆ ಒಬ್ಬಳೇ ಮಗಳು ರಮ್ಯಾ, ಊಟಿಯ ಕಾಲೇಜಿಗೆ ಹೋಗುತ್ತಿದ್ದಳು. ತಾಯಿ ಅವಳಿಗೆ ಬುತ್ತಿ ಕಟ್ಟಿ, ಬಸ್ಸು ತಿರುವು ದಾಟುವವರೆಗೂ ರಸ್ತೆಯಲ್ಲೇ ನಿಂತಿರುತ್ತಿದ್ದಳು. ನನ್ನ ಗಾಡಿಗೆ ಎಲೆ ಹಾಕುವುದು ಆಮೇಲೆ. “ಏನೇ, ಮಗಳೇನು ದೆಹಲಿಗೆ ಹೋದಳಾ?” ಅಂತ ಬೈಯುತ್ತಿದ್ದೆ. ಹಿಂದಿನ ಮಳೆಗಾಲದಲ್ಲಿ ಆ ಹುಡುಗಿ ತನ್ನ ಜೀವ ತಾನೇ ತೆಗೆದುಕೊಂಡಳು. ಯಾಕೆ ಅಂತ ಅವತ್ತೂ ಗೊತ್ತಾಗಲಿಲ್ಲ, ಇವತ್ತಿಗೂ ಗೊತ್ತಿಲ್ಲ. ಪೊಲೀಸು, ಆಸ್ಪತ್ರೆ ಎಲ್ಲ ಮುಗಿದು ಹೆಣ ಹಟ್ಟಿಗೆ ಬರುವಾಗ ಕತ್ತಲಾಗುತ್ತಿತ್ತು, ಮಳೆ ಸುರಿಯುತ್ತಿತ್ತು. ಶಾಸ್ತ್ರ ಹೇಳಬೇಕಾದ ಹಟ್ಟಿಯ ಹಿರಿಯ ದೊಡ್ಡಯ್ಯ ಕಣ್ಣಿನ ಆಪರೇಷನ್ನಿಗೆಂದು ಕೊಯಮತ್ತೂರಿನಲ್ಲಿದ್ದರು. ಗಂಡಸರು ಅವಸರದಲ್ಲಿ ಹೊತ್ತುಕೊಂಡು ಹೋಗಿ ಮಣ್ಣು ಮಾಡಿ ಬಂದರು. ಅಷ್ಟೇ ಆಯಿತು.

ಅದಕ್ಕೇ ಆ ಮನೆ ಬೇಡ ಅಂದದ್ದು. ಶಾಲಿನಿ ಒಪ್ಪಿದ್ದಳು. ಆದರೆ ಒಂದು ಮಧ್ಯಾಹ್ನ ಮಾತಿಯೇ ನನ್ನ ಗಾಡಿಯ ಹತ್ತಿರ ಬಂದಳು. ಎಲೆಯಿಲ್ಲ, ಬರಿಗೈ.

“ಏಜೆಂಟಕ್ಕ, ಆ ಕೇಳುವ ಕೂಸು ನಿನ್ನ ಮನೆಲಿ ಇದ್ದಾಳಲ್ಲ. ಎನಗೂ ಅವಳ ಕೂಡೆ ಮಾತಿದೆ.”

“ನಿನಗೇನು ಮಾತೇ? ಮನೆಗೆ ಹೋಗಿ ಬಿಸಿಲು ಕಾಯಿ.”

“ಸಾವಿನ ಮಾತ ಕೇಳೋಕೆ ಅಲ್ಲವಾ ಬಂದದ್ದು? ಎನ್ನ ಮನೆಲಿ ಸಾವು ಆಗಿಲ್ಲವಾ?”

ಅವಳ ದನಿಯಲ್ಲಿ ಅಳುವಿರಲಿಲ್ಲ. ಸರದಿಯಲ್ಲಿ ತನ್ನನ್ನು ಬಿಟ್ಟರು ಅಂತ ಜಗಳಕ್ಕೆ ಬಂದವಳ ಹಾಗಿತ್ತು. ಶಾಲಿನಿ ಮರುದಿನ ಹೋದಳು. ನಾನು ಫ್ಯಾಕ್ಟರಿಯಿಂದ ಬಂದಾಗ ಮೆಟ್ಟಿಲ ಮೇಲೆ ಕೂತಿದ್ದಳು, ಕಣ್ಣು ಊದಿತ್ತು.

“ನಾನು ಏನೂ ಕೇಳಲೇ ಇಲ್ಲ ಅಕ್ಕ. ಮಗಳ ಬಗ್ಗೆ ಹೇಳ್ತೀರಾ ಅಂದೆ, ಅಷ್ಟೆ. ಎದ್ದು ನಿಂತರು. ನಿಂತುಕೊಂಡೇ ಹೇಳಿದರು, ಒಂದಾದ ಮೇಲೆ ಒಂದು, ನಿಲ್ಲಿಸದೆ. ನೀರು ಕುಡೀರಿ ಅಂದರೂ ನಿಲ್ಲಿಸಲಿಲ್ಲ.”

“ಏನು ಹೇಳಿದಳು?”

“ಹೇಳೋ ಹಾಗಿಲ್ಲ. ಮಾತು ಕೊಟ್ಟಿದ್ದೀನಿ.”

ನಾನೂ ಒತ್ತಾಯ ಮಾಡಲಿಲ್ಲ. ಮಾತು ಕೊಟ್ಟವರ ಹತ್ತಿರ ಅದನ್ನು ಅರ್ಧ ಬೆಲೆಗೆ ಕೇಳಬಾರದು.

ಅದಾದ ಮೇಲೆ ಮಾತಿ ಬದಲಾದಳು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಟ್ಟಿಯ ಹೆಂಗಸರ ವಾಡಿಕೆಯ ಬಿಳಿ ಬಟ್ಟೆಯನ್ನು ತಲೆಗೆ ಮತ್ತೆ ಒಪ್ಪವಾಗಿ ಕಟ್ಟಿಕೊಂಡು ಬರತೊಡಗಿದಳು. ಕಂದಿದ ಗಿಡಗಳ ನಡುವೆ ಹುಡುಕಿ ಹುಡುಕಿ ಒಂದು ಹಿಡಿ ಒಳ್ಳೆಯ ಎಲೆ ಕಿತ್ತು ತಂದು, “ತೂಗು, ತೂಗು, ಎನ್ನ ಎಲೆಗೆ ನಿನ್ನ ತಕ್ಕಡಿ ಮುರಿದುಹೋಪುದು” ಅಂತ ತಮಾಷೆ ಮಾಡಿದಳು. ಜೋಗಿ ನನ್ನನ್ನು ಬದಿಗೆ ಕರೆದು, “ಎರಡು ತುತ್ತು ಹೆಚ್ಚಿಗೆ ಉಣ್ಣುತ್ತಾಳೆ ಏಜೆಂಟಕ್ಕ, ಆ ಕೂಸಿಗೆ ಹೇಳು” ಅಂದ. ನಾನು ಹೇಳಿದೆ. ಶಾಲಿನಿಯ ಮುಖ ಅರಳಿತು. ಮಾತಾಡಿದರೆ ಮನಸ್ಸು ಹಗುರವಾಗುತ್ತದೆ ಅಂತ ಅವರ ಶಾಸ್ತ್ರದಲ್ಲೂ ಇದೆಯಂತೆ.

ಫೆಬ್ರವರಿಯಲ್ಲಿ ಊಟಿಯಲ್ಲಿ ಆರೋಗ್ಯ ಕಾರ್ಯಕರ್ತೆಯರ ಒಂದು ಸಭೆ ನಡೆಯಿತು. ಶಾಲಿನಿ ಅಲ್ಲಿ ತನ್ನ ಕೆಲಸದ ಬಗ್ಗೆ ಮಾತಾಡಿದಳು, ಪರದೆಯ ಮೇಲೆ ಕೆಲವು ಸಾಲು ತೋರಿಸಿದಳು. ಹೆಸರಿಲ್ಲ, ಊರಿಲ್ಲ, ಹೇಳಿದ ಮಾತಿಗೆ ತಪ್ಪಲಿಲ್ಲ. ‘ಅಣೆಕಟ್ಟಿನ ಕೆಳಗಿನ ಊರು. ಚಹಾ ಬೆಳೆಯುವ ತಾಯಿ. ತಂದೆ ವಿದ್ಯುತ್ ಕೇಂದ್ರದಲ್ಲಿ. ಕಾಲೇಜಿಗೆ ಹೋಗುತ್ತಿದ್ದ ಒಬ್ಬಳೇ ಮಗಳು.’ ಅದರ ಕೆಳಗೆ ಆ ತಾಯಿ ಹೇಳಿದ ಮಾತು: ನಾನು ಅವಳನ್ನು ಹಸಿವಿನಲ್ಲಿಟ್ಟೆ. ನಾನು ಅವಳಿಗೆ ಹೊಡೆದೆ. ಅವಳ ಓದಿಗೆ ಶಾಪ ಹಾಕಿದೆ. ಅವಳು ಬಾಗಿಲು ಬಡಿದಾಗ ತೆರೆಯಲಿಲ್ಲ.

ಯಾರೋ ಅದರ ಫೋಟೋ ತೆಗೆದರು. ಸಭೆಯವರು ಊಟಕ್ಕೆ ಕೂರುವ ಮೊದಲೇ ಅದು ಹಟ್ಟಿಯ ಫೋನುಗಳಲ್ಲಿತ್ತು. ಈ ಬೆಟ್ಟದಲ್ಲಿ ಹೆಸರು ಮುಚ್ಚಿದರೆ ಏನೂ ಮುಚ್ಚಿದ ಹಾಗಾಗುವುದಿಲ್ಲ. ತೊಳೆದು ಒಣಹಾಕಿದ ಸ್ವೆಟರ್ ನೋಡಿ ಯಾರ ಮನೆ ಅಂತ ಹೇಳುವ ಜನ ನಾವು.

ಮರುದಿನ ನಾನು ತಕ್ಕಡಿ ಕಟ್ಟುವಾಗ ಹೆಂಗಸರಲ್ಲಿ ಬೇರೆ ಮಾತೇ ಇರಲಿಲ್ಲ.

“ಎನ್ನ ಮನೆಗೂ ಅವಳ ಮನೆಗೂ ಒಂದೇ ಗೋಡೆ,” ಅಂದಳು ಪಕ್ಕದ ಮನೆಯ ಲಿಂಗಿ. “ಒಂದು ದಿನವೂ ಆ ಕೂಸು ಅತ್ತದ್ದು ಕೇಳಲಿಲ್ಲ.”

“ಬಾಯಿಗೆ ಬಟ್ಟೆ ತುರುಕಿದರೆ ಕೇಳುವುದಾ?” ಅಂದಳು ಇನ್ನೊಬ್ಬಳು.

“ನಿನ್ನ ಬಾಯಿಗೆ ತುರುಕಬೇಕು,” ಅಂದೆ ನಾನು. “ಮಾತಿ ಆ ಹುಡುಗಿಯನ್ನು ಸಾಕಿದ್ದು ನೀವು ನೋಡಿಲ್ಲವಾ?”

“ನೋಡಿದ್ದೆವು. ಅದಕ್ಕೇ ಹೊಟ್ಟೆ ಉರಿಯೋದು.” ಲಿಂಗಿ ಫೋನನ್ನು ನನ್ನ ಮುಖಕ್ಕೆ ಹಿಡಿದಳು. “ನಂಗ ಎಲ್ಲಾ ಸೇರಿ ಹೇಳಿದ್ದಾ ಏಜೆಂಟಕ್ಕ? ಅವಳೇ ಹೇಳಿದ್ದು. ಇಲ್ಲ ಅಂತ ಅವಳೇ ಹೇಳಲಿ, ನಾನೇ ಎಲ್ಲರ ಬಾಯಿ ಮುಚ್ಚಿಸುವೆ.”

ಲಿಂಗಿ ನ್ಯಾಯಸ್ಥೆ. ಮಾತಿ ಒಂದು ಸಲ ಇಲ್ಲ ಅಂದಿದ್ದರೆ ಸಾಕಿತ್ತು. ಆದರೆ ಮಾತಿ ಬಂದಳು, ಎಲೆ ತೂಗಿಸಿದಳು, ಕೇಳಿದವರಿಗೆ ಉತ್ತರ ಕೊಡದೆ ಹೋದಳು. ಹಟ್ಟಿಯಲ್ಲಿ ಒಬ್ಬರ ತೋಟಕ್ಕೆ ಇನ್ನೊಬ್ಬರು ಹೋಗಿ ಸೇರಿ ಎಲೆ ಕೀಳುವ ವಾಡಿಕೆಯಿದೆ. ಅವಳ ತೋಟಕ್ಕೆ ಯಾರೂ ಹೋಗಲಿಲ್ಲ, ಅವಳನ್ನೂ ಯಾರೂ ಕರೆಯಲಿಲ್ಲ. ಜೋಗಿಯ ಅಣ್ಣನ ಮನೆಯಲ್ಲಿ ಮಗುವಿಗೆ ಹೆಸರಿಟ್ಟಾಗ ಕರೆ ಬಂದದ್ದು ಜೋಗಿಗೆ ಮಾತ್ರ.

ಜೋಗಿ ನನ್ನ ಮನೆಗೆ ಬಂದು ಗೋಡೆಗೆ ಒರಗಿ ನಿಂತ. “ಸುಳ್ಳು ಅಂತ ಎನಗೆ ಗೊತ್ತು. ಅವಳಿಗೂ ಗೊತ್ತು. ಸುಳ್ಳು ಅಂತ ಒಂದು ಮಾತು ಹೇಳು ಅಂದರೆ ಸುಮ್ಮನೆ ನೋಡುತ್ತಾಳೆ. ಎನ್ನ ಕೈಲಿ ಆಗದು ಏಜೆಂಟಕ್ಕ.” ಆ ವಾರ ಅವನು ಪವರ್‌ಹೌಸಿನ ಕ್ವಾರ್ಟರ್ಸಿಗೆ ಹೋಗಿ ಮಲಗತೊಡಗಿದ.

ಸಭೆ ಮುಗಿಸಿ ತನ್ನ ಊರಿಗೆ ಹೋಗಿದ್ದ ಶಾಲಿನಿಗೆ ನಾನು ಫೋನು ಮಾಡಿದೆ. ಬೈಯಬೇಕು ಅಂತಲೇ ಮಾಡಿದ್ದು. ಅವಳು ಅಷ್ಟರಲ್ಲೇ ಬಸ್ಸಿನಲ್ಲಿದ್ದಳು, ಇತ್ತಲೇ ಬರುತ್ತಿದ್ದಳು. ಬಂದವಳು ಸಂಚಿಯನ್ನೂ ಇಳಿಸಲಿಲ್ಲ.

“ಆ ಸಾಲನ್ನ ತೆಗೆದುಬಿಡು,” ಅಂದೆ. “ಸುಳ್ಳು ಅಂತ ಹಾಕು. ಮುಗೀತು.”

“ಅವರು ಹೇಳದೆ ನಾನು ಹೇಗೆ ಹಾಕಲಿ? ಅದು ಅವರ ಮಾತು. ನನಗೆ ಅನುಕೂಲ ಅಂತ ತಿದ್ದಿದರೆ ಅದು ಇನ್ನೊಂದು ತಪ್ಪಾಗುತ್ತೆ.”

“ಇರುವ ತಪ್ಪು ಸಾಲದಾ?”

“ಸಾಕು,” ಅಂದಳು. “ಅವರು ಹೂಂ ಅಂದರೆ ಅದೇ ಸಭೆಯವರ ಮುಂದೆ ನಿಂತು, ನಾನು ಅರ್ಥ ಮಾಡಿಕೊಂಡದ್ದು ತಪ್ಪು ಅಂತ ಹೇಳ್ತೀನಿ. ನನ್ನ ಕೆಲಸ ಹೋದರೂ ಹೋಗಲಿ.”

ಇಬ್ಬರೂ ಹೋದೆವು. ಮಾತಿ ತೋಟದಲ್ಲಿ ಒಬ್ಬಳೇ ಕಂದಿದ ಕೊಂಬೆ ಸವರುತ್ತಿದ್ದಳು. ಆ ಸೀದ ವಾಸನೆ ಅವಳ ಕೈ, ಸೀರೆ ಎಲ್ಲಕ್ಕೂ ಹತ್ತಿತ್ತು. ಶಾಲಿನಿ ಅವಳ ಕಾಲ ಹತ್ತಿರ ಕೂತುಬಿಟ್ಟಳು.

“ಅವ್ವ, ನೀವು ರಮ್ಯಾಗೆ ಹೊಡೆದಿದ್ದು ನಿಜವಾ?”

“ಹೇಳಿದೆನಲ್ಲ.”

“ನಿಜವಾ ಅಂತ ಕೇಳ್ತಿದ್ದೀನಿ.”

ಮಾತಿ ಕತ್ತಿ ಕೆಳಗಿಟ್ಟಳು. ಹುಡುಗಿಯ ಮೇಲೆ ಅವಳಿಗೆ ಸಿಟ್ಟಿರಲಿಲ್ಲ, ಇಷ್ಟೂ ಗೊತ್ತಿಲ್ಲದೆ ಇಷ್ಟು ದೂರ ಬಂದಳಲ್ಲ ಅನ್ನುವ ಮರುಕವಿತ್ತು. “ನಂಗ ಸತ್ತವರ ಮುಂದೆ ಪಾಪ ಹೇಳುವೆವು. ಎನ್ನ ಕೂಸಿಗೆ ಯಾರೂ ಹೇಳಲಿಲ್ಲ,” ಅಂದಳು.

ಆಗ ನನಗೆ ಎಲ್ಲ ತಿಳಿಯಿತು.

ಇದನ್ನು ನಿಮಗೆ ಬಿಡಿಸಿ ಹೇಳಬೇಕು. ಬಡಗರಲ್ಲಿ ಹೆಣ ಎತ್ತುವ ಮೊದಲು ಹಿರಿಯರೊಬ್ಬರು ಹೆಣದ ಪಕ್ಕ ನಿಂತು ಪಾಪಗಳನ್ನು ಒಂದೊಂದಾಗಿ ಹೇಳುತ್ತಾರೆ. ಗಡಿಕಲ್ಲು ಸರಿಸಿದ ಪಾಪ, ಬೇರೆಯವರ ಎಮ್ಮೆಯ ಹಾಲಿಗೆ ಕಣ್ಣು ಹಾಕಿದ ಪಾಪ, ಮಕ್ಕಳನ್ನು ಹಸಿವಿನಲ್ಲಿಟ್ಟು ಹೊಟ್ಟೆ ಕಾಯಿಸಿದ ಪಾಪ, ಹೀಗೆ. ಒಂದೊಂದಕ್ಕೂ ನೆರೆದವರು ‘ಪಾಪ’ ಅನ್ನುತ್ತಾರೆ. ಸತ್ತವರು ಅದನ್ನೆಲ್ಲ ಮಾಡಿದ್ದರು ಅಂತಲ್ಲ. ದೇವರಂಥ ಮನುಷ್ಯ ಸತ್ತರೂ ಅದೇ ಸಾಲು. ಹೇಳಿದಾಗ ಪಾಪ ಹೋಗುತ್ತದೆ, ಸತ್ತವರಿಗೆ ದಾರಿ ಬಿಡುತ್ತದೆ. ಆಮೇಲೆ ಅದರ ಮಾತನ್ನು ಯಾರೂ ಎತ್ತುವುದಿಲ್ಲ. ಕಿವಿಯಲ್ಲಿ ಉಳಿಸಿಕೊಳ್ಳಲು ಹೇಳುವ ಮಾತಲ್ಲ ಅದು.

“ಅಷ್ಟು ಸಣ್ಣ ಕೂಸು, ಅವಳಿಗೆ ಯಾವ ಪಾಪ ಅಂತ ಹೇಳಲಿ?” ಅಂದಳು ಮಾತಿ. “ಎಲ್ಲಾ ಎನ್ನದು ಅಂತ ಹೇಳಿದೆ. ಎನ್ನ ಮೇಲೆ ಹಾಕೊಂಡೆ. ದೂರದಿಂದ ಸಾವಿನ ಮಾತ ಕೇಳೋಕೆ ಅಂತಲೇ ಒಬ್ಬಳು ಬಂದಿದ್ದಳು, ಅವಳ ಮುಂದೆ ಹೇಳಿದರೆ ಸಾಕು ಅಂದುಕೊಂಡೆ. ಆಮೇಲೆ ಕೂಸು ಕನಸಿಗೆ ಬರೋದು ನಿಂತಿತು.”

ಶಾಲಿನಿ ಮಾತಿಯ ಕೈ ಹಿಡಿದುಕೊಂಡಳು. “ಹಾಗಾದರೆ ಸುಳ್ಳು ಅಂತ ಒಂದು ಮಾತು ಹೇಳಿ ಅವ್ವ. ನಾನು ಎಲ್ಲ ಸರಿ ಮಾಡ್ತೀನಿ,” ಅಂದಳು.

“ಸುಳ್ಳು ಅಂದರೆ ಆ ಪಾಪ ಎಲ್ಲಿಗೆ ಹೋಪುದು? ಎನ್ನ ಕೂಸಿನ ಮೇಲೇ ಅಲ್ಲವಾ?”

ನಾನು ಮಧ್ಯೆ ಬಾಯಿ ಹಾಕಿದೆ. ವ್ಯಾಪಾರದವಳು, ಎರಡೂ ಕಡೆಗೆ ಒಪ್ಪುವ ಮಾತು ಎಲ್ಲಾದರೂ ಇದ್ದೇ ಇರುತ್ತದೆ ಅಂತ ನಂಬಿ ಬದುಕಿದವಳು. ಶಾಸ್ತ್ರದ ಮಾತು ಅಂತ ನಾನೇ ಹಟ್ಟಿಗೆ ಹೇಳುತ್ತೇನೆ, ನೀನು ಬಾಯಿ ಬಿಡುವುದೇ ಬೇಡ ಅಂದೆ. ದೊಡ್ಡಯ್ಯನ ಕೈಲಿ ರಮ್ಯಾಳಿಗೆ ಹೊಸದಾಗಿ ಹೇಳಿಸೋಣ ಅಂದೆ. ಮೊಬೈಲಿನಲ್ಲಿ ಇರುವುದನ್ನೆಲ್ಲ ಅಳಿಸಿಸುತ್ತೇನೆ ಅಂದೆ. ಮಾತಿ ಎಲ್ಲದಕ್ಕೂ ತಲೆ ಅಲ್ಲಾಡಿಸಿದಳು.

“ಹೆಣ ಇಲ್ಲದೆ ದೊಡ್ಡಯ್ಯ ಯಾರ ಪಕ್ಕ ನಿಲ್ಲುವುದು? ಎನ್ನ ಮಾತು ಸುಳ್ಳು ಅಂತ ಹಟ್ಟಿಗೆ ಗೊತ್ತಾದರೆ ಕೂಸಿನ ಪಾಪ ನಾ ಹೊತ್ತ ಹಾಗೆ ಆಗದು. ಹಟ್ಟಿಯವರಿಗೆ ಹೇಳಬೇಡ ಏಜೆಂಟಕ್ಕ. ನಾ ಸತ್ತ ಮೇಲೂ ಹೇಳಬೇಡ. ಆಣೆ ಇಡು.”

“ನಿನ್ನ ಮಾನ ಹೋಗುತ್ತದೆ ಕಣೇ. ಗಂಡ ಆಗಲೇ ಹೋದ.”

“ಹೋಗಲಿ.”

ಆಣೆ ಇಟ್ಟೆ. ಆ ದಿನದಷ್ಟು ಕೆಟ್ಟ ವ್ಯಾಪಾರ ನಾನು ಮಾಡಿಲ್ಲ. ಎದುರಿನವಳು ಏನೂ ಕೇಳದಿದ್ದರೆ ಅವಳಿಗೆ ಏನನ್ನು ಕೊಟ್ಟು ಒಪ್ಪಿಸುವುದು?

ಕೆಳಗಿಳಿಯುವಾಗ ಶಾಲಿನಿ ದಾರಿಯುದ್ದಕ್ಕೂ, “ನಾನು ಎಲ್ಲ ನಿಯಮ ಪಾಲಿಸಿದ್ದೆ,” ಅನ್ನುತ್ತಿದ್ದಳು. ಸಮಾಧಾನ ಮಾಡಲು ನನಗೆ ಆಗಲಿಲ್ಲ. ಈಗಲಾದರೆ ಬುದ್ಧಿ ಹೇಳಬಲ್ಲೆ. ನಿಮ್ಮಲ್ಲಿ ಯಾರಾದರೂ ಇಂಥ ಕೆಲಸಕ್ಕೆ ಹೊರಟಿದ್ದರೆ ಕೇಳಿ: ಜನರ ಹತ್ತಿರ ಏನಾಯಿತು ಅಂತ ಕೇಳುವ ಮೊದಲು, ‘ನಿಮ್ಮ ಕಡೆ ಆಡಿದ ಮಾತು ಏನಾಗುತ್ತದೆ’ ಅಂತ ಅವರನ್ನೇ ಕೇಳಿ. ಉಳಿಯುತ್ತದಾ, ಹೋಗುತ್ತದಾ ಅಂತ. ಒಪ್ಪಿಗೆ ಕೇಳುವುದು ಅದಾದ ಮೇಲೆ.

ಶಾಲಿನಿ ಆ ಸಾಲುಗಳನ್ನು ತನ್ನ ಕೆಲಸದಿಂದ ತೆಗೆದಳು. ಸುಳ್ಳು ಅಂತ ಹೇಳಲಿಲ್ಲ, ಹೇಳುವ ಅನುಮತಿ ಅವಳಿಗಿರಲಿಲ್ಲ. ಆ ತಾಯಿಯ ಮಾತನ್ನು ಹೊರಗೆ ತರುವ ಹಕ್ಕು ತನಗಿರಲಿಲ್ಲ ಅಂತ ಮಾತ್ರ ಸಭೆಯವರಿಗೆಲ್ಲ ತಿಳಿಸಿದಳಂತೆ. ಹಟ್ಟಿಯಲ್ಲಿ ಅದಕ್ಕೂ ಬೇರೆ ಅರ್ಥವೇ ಆಯಿತು. “ನಿಜ ಹೊರಗೆ ಬಂತು ಅಂತ ಆ ಕೂಸು ಹೆದರಿದ್ದಾಳೆ,” ಅಂದರು. ರೆಕಾರ್ಡಿಂಗನ್ನು ಅಳಿಸಲೋ ಬೇಡವೋ ಅಂತ ನನ್ನನ್ನು ಕೇಳಿದಳು. ಅಷ್ಟು ಓದಿದವಳು ನನ್ನನ್ನು ಕೇಳುವಂತಾಯಿತು. ಇಟ್ಟುಕೋ, ಯಾರಿಗೂ ಕೇಳಿಸಬೇಡ ಅಂದೆ.

ಮಾರ್ಚಿನಲ್ಲಿ ಒಂದೆರಡು ಮಳೆ ಬಿದ್ದು ಗಿಡ ಮತ್ತೆ ಚಿಗುರಿತು. ಹಿಮಗಾಲ ಮುಗಿಯಿತು. ಮಾತಿ ಒಬ್ಬಳೇ ಕಿತ್ತಳು, ಒಬ್ಬಳೇ ಹೊತ್ತು ತಂದಳು, ಎಲ್ಲರದೂ ತೂಗಿ ಮುಗಿಯುವವರೆಗೆ ದೂರ ನಿಂತಿದ್ದು ಕೊನೆಗೆ ಬಂದಳು. ವರ್ಷಗಟ್ಟಲೆ ಹಾಗೆಯೇ.

ಹೋದ ಮಳೆಗಾಲದಲ್ಲಿ ಎದೆನೋವು ಬಂದು ಅವಳು ತೀರಿಕೊಂಡಳು. ಹಟ್ಟಿಯವರು ಯಾವುದಕ್ಕೂ ಕಡಿಮೆ ಮಾಡಲಿಲ್ಲ, ಅದನ್ನು ಹೇಳಬೇಕು. ಸುತ್ತಲಿನ ಹಟ್ಟಿಗಳಿಂದೆಲ್ಲ ಜನ ಬಂದರು. ಜೋಗಿಯೂ ಬಂದು ಹೆಣದ ತಲೆಯ ಹತ್ತಿರ ಕೂತಿದ್ದ. ಈ ಸಲ ದೊಡ್ಡಯ್ಯ ಊರಲ್ಲೇ ಇದ್ದರು. ಕನ್ನಡಕ ತೆಗೆದು, ಪೇಟ ಸರಿಮಾಡಿಕೊಂಡು, ಹೆಣದ ಪಕ್ಕ ನಿಂತು ಶುರುಮಾಡಿದರು. ಒಂದೊಂದಕ್ಕೂ ಜನ ‘ಪಾಪ’ ಅಂದರು. ನಾನು ಹೊರಗಿನವಳು, ಅನ್ನುವ ಹಾಗಿಲ್ಲ. ಆದರೆ ಎಷ್ಟೋ ಸಾವಿನಲ್ಲಿ ನಿಂತು ಕೇಳಿದ್ದೇನೆ, ಯಾವುದರ ಹಿಂದೆ ಯಾವುದು ಬರುತ್ತದೆ ಅಂತ ಗೊತ್ತು. ಎಮ್ಮೆಯ ಹಾಲಿನ ಸಾಲು ಆಯಿತು. ಮಕ್ಕಳ ಹೊಟ್ಟೆ ಕಾಯಿಸಿದ ಸಾಲು ಬರಬೇಕಿತ್ತು. ದೊಡ್ಡಯ್ಯ ಉಸಿರು ಎಳೆದುಕೊಂಡು ಅದರ ಮುಂದಿನದಕ್ಕೆ ಹೋದರು. ಜನ ಒಬ್ಬರೂ ತಡವರಿಸದೆ ‘ಪಾಪ’ ಅಂದರು. ಜೋಗಿ ಮಾತ್ರ ತಲೆ ಎತ್ತಿ ನೋಡಿದ.

ಎಲ್ಲ ಮುಗಿದು ಜನ ಕೈಕಾಲು ತೊಳೆಯುವಾಗ ನಾನು ದೊಡ್ಡಯ್ಯನ ಹತ್ತಿರ ಹೋದೆ.

“ಒಂದು ಬಿಟ್ಟಿರಿ,” ಅಂದೆ.

“ನಿನಗೆ ಗೊತ್ತಾಯಿತಾ?” ಅವರು ದನಿ ತಗ್ಗಿಸಿದರು. “ಎಲ್ಲರ ಮುಂದೆ ಅದ ಯಾಕೆ ಹೇಳಬೇಕು ಏಜೆಂಟಕ್ಕ? ಸತ್ತವಳ ಮಾನವಾದರೂ ಉಳಿಯಲಿ.”

ಒಳ್ಳೆಯ ಮುದುಕ. ಕಣ್ಣಲ್ಲಿ ನೀರಿತ್ತು. ಹೇಳದೆ ಬಿಟ್ಟ ಪಾಪ ಹೋಗದೆ ಮಾತಿಯ ಮೇಲೇ ಉಳಿಯಿತು. ನಾನು ಆಣೆ ಇಟ್ಟಿದ್ದೆ, ಹಟ್ಟಿಯವರಿಗೆ ಹೇಳುವ ಹಾಗಿರಲಿಲ್ಲ. ಅವರೆಲ್ಲ ತಮಿಳು ಓದಿದವರು, ಕನ್ನಡದಲ್ಲಿ ಬರೆದರೆ ಇದು ಅವರನ್ನು ಮುಟ್ಟುವುದಿಲ್ಲ, ಅದಕ್ಕೇ ನಿಮಗೆ ಹೇಳಿದ್ದೇನೆ. ಅವತ್ತು ದೊಡ್ಡಯ್ಯನ ಕೈ ಹಿಡಿದುಕೊಂಡು, “ಒಳ್ಳೆಯದು ಮಾಡಿದಿರಿ,” ಅಂದೆ.